ಹ್ಯಾಂಡಲ್ ಮೇಲೆ ಹಾಡಿನ ಪೆಟ್ಟಿಗೆ

ಜಯನಗರದ ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿದಾಗ, ಎಂಜಿನ್ ಆರಿಸುವ ಮುನ್ನ ಒಮ್ಮೆ ಕನ್ನಡಿ ನೋಡಿ. ಹಿಂದೆ ನಿಂತ ಆಟೋ ಎರಡಾಗಿ, ಮೂರಾಗಿ ಕಲಸಿಹೋಗಿರುತ್ತದೆ. ಹಸಿರು ದೀಪ ಬಿದ್ದು ಆಕ್ಸಿಲರೇಟರ್ ತಿರುವಿದರೆ ಎಷ್ಟೋ ಬೈಕುಗಳಲ್ಲಿ ಅದೇ ಆಟೋ ನಿಚ್ಚಳವಾಗಿ ಕಾಣುತ್ತದೆ. ಎಂಜಿನ್ ಜೋರಾಯಿತು, ಕನ್ನಡಿಯ ನಡುಕ ಮಾತ್ರ ಇಳಿಯಿತು. ಹಾಡು ಕೇಳಲೆಂದು ಹ್ಯಾಂಡಲ್‌ಗೆ ಮೊಬೈಲ್ ಹೋಲ್ಡರ್ ಹಾಕಿಸುವವರು ಮೊದಲು ಅರಿಯಬೇಕಾದದ್ದು ಇದನ್ನೇ.

ನಿಂತ ಬೈಕಿನ ಎಂಜಿನ್ ನಿಮಿಷಕ್ಕೆ ಸುಮಾರು 1,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 20 ಸಲ ಗಾಡಿಯನ್ನು ತಳ್ಳುತ್ತದೆ. 4,000 ಸುತ್ತಿಗೆ ಏರಿದರೆ ಸೆಕೆಂಡಿಗೆ 67 ಸಲ. ಕನ್ನಡಿಯ ಕಡ್ಡಿಗೂ ತನ್ನದೇ ಆದ ನಡುಕದ ಲೆಕ್ಕವಿದೆ. ಎರಡೂ ಲೆಕ್ಕ ಹತ್ತಿರ ಬಂದಾಗ ಸಣ್ಣ ತಳ್ಳುಗಳೇ ಕೂಡಿಕೊಂಡು ದೊಡ್ಡ ನಡುಕವಾಗುತ್ತವೆ. ಇದು ಅನುರಣನ. ಎಂಜಿನ್ನಿನ ಲೆಕ್ಕ ಕಡ್ಡಿಯ ಲೆಕ್ಕದ ಸುಮಾರು 1.4 ಪಟ್ಟು ದಾಟಿದ ಮೇಲೆ ಮಾತ್ರ ನಡುಕ ತಗ್ಗಿ ಮೇಲಕ್ಕೆ ತಲುಪುತ್ತದೆ.

ಮೊಬೈಲ್ ಹೋಲ್ಡರಿಗೂ ಇದೇ ನಿಯಮ. ಕನ್ನಡಿಯ ಬುಡಕ್ಕೆ ಕಟ್ಟುವ ಉದ್ದ ಕಡ್ಡಿಯ ಹೋಲ್ಡರ್ ನನಗೆ ಸ್ವಲ್ಪವೂ ಹಿಡಿಸದು. ಅದೇ ದಪ್ಪದ ಕಡ್ಡಿಯ ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ಎಂಟು ಪಟ್ಟು ಬಾಗುತ್ತದೆ. ಬಿಟಿಎಂ ಲೇಔಟಿನ ಹಂಪುಗಳ ಮೇಲೆ ಅಂಥ ಹೋಲ್ಡರಿನಲ್ಲಿ ಕೂತ ಫೋನು ತಲೆ ಆಡಿಸುತ್ತಲೇ ಇರುತ್ತದೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವಾಗ ಗಿಡ್ಡ ತೋಳಿನದನ್ನು, ಹ್ಯಾಂಡಲಿನ ನಡುಭಾಗಕ್ಕೆ ಬಿಗಿಯುವಂಥದ್ದನ್ನು, ನಡುವೆ ಮೆತ್ತನೆಯ ರಬ್ಬರ್ ಇರುವುದನ್ನು ಕೇಳಿ. ರಬ್ಬರ್ ಮೆತ್ತಗಿದ್ದಷ್ಟೂ ಅದರ ಸ್ವಂತ ನಡುಕ ನಿಧಾನ, ಎಂಜಿನ್ನಿನ ನಡುಕ ಅದನ್ನು ದಾಟುವುದು ಸುಲಭ. ಗಟ್ಟಿ ರಬ್ಬರಿನ ತುಂಡು ಬರೀ ತೋರಿಕೆಗೆ.

ಹಾಡಿನ ಪೆಟ್ಟಿಗೆಗೂ ನಡುಕಕ್ಕೂ ಇರುವ ಜಗಳ ಹಳೆಯದು. 1979ರ ವಾಕ್‌ಮನ್‌ನಲ್ಲಿ ಟೇಪು ಸುತ್ತಬೇಕಿತ್ತು. ಗಾಡಿ ಕುಲುಕಿದರೆ ಸುತ್ತುವ ವೇಗ ಹೆಚ್ಚುಕಡಿಮೆಯಾಗಿ ಹಾಡಿನ ಶ್ರುತಿಯೇ ಅಲುಗುತ್ತಿತ್ತು. 2001ರ ಮೊದಲ ಐಪಾಡ್‌ನಲ್ಲಿದ್ದದ್ದು 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್. ಸುತ್ತುವ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿತ್ತು. ಆದ್ದರಿಂದಲೇ ಅದು ಹಾಡುಗಳನ್ನು ಮೊದಲೇ 32 ಎಂಬಿಯ ಮೆಮೊರಿಗೆ ತುಂಬಿಕೊಂಡು ಡಿಸ್ಕಿಗೆ ವಿಶ್ರಾಂತಿ ಕೊಡುತ್ತಿತ್ತು. 2005ರಲ್ಲಿ ಫ್ಲ್ಯಾಶ್ ಮೆಮೊರಿಯ ಐಪಾಡ್ ಶಫಲ್ ಬಂತು. ಸುತ್ತುವ ಭಾಗವೇ ಇಲ್ಲ, ಬೈಕಿಗೆ ಹೇಳಿ ಮಾಡಿಸಿದಂತಿತ್ತು.

ಈಗ ಹಾಡು ಫೋನಿನೊಳಗಿದೆ, ಫೋನಿನ ಕ್ಯಾಮೆರಾದಲ್ಲಿ ಅಲುಗುವ ಭಾಗ ಮರಳಿ ಬಂದಿದೆ. ಒಳ್ಳೆಯ ಫೋನುಗಳ ಕ್ಯಾಮೆರಾದಲ್ಲಿ ಮಸೂರವೋ ಸೆನ್ಸರೋ ತೇಲಿದಂತೆ ಕೂತಿರುತ್ತದೆ. ಫೋಟೊ ತೆಗೆಯುವಾಗ ಕೈ ನಡುಗಿದರೆ ಗೈರೋಸ್ಕೋಪ್ ಅದನ್ನು ಹಿಡಿಯುತ್ತದೆ, ಸುರುಳಿ ಮತ್ತು ಅಯಸ್ಕಾಂತ ಸೇರಿ ಮಸೂರವನ್ನು ಎದುರು ದಿಕ್ಕಿಗೆ ಸರಿಸುತ್ತವೆ. ಸೆಕೆಂಡಿಗೆ ಹತ್ತು ಸಲದ ಆಸುಪಾಸಿನ ಕೈನಡುಕಕ್ಕೆಂದು ಮಾಡಿದ ನಾಜೂಕು ಏರ್ಪಾಡು ಅದು. ಎಂಜಿನ್ನಿನ ಬಿರುಸು ಬೇರೆಯೇ: ಸುತ್ತು ಎರಡು ಪಟ್ಟಾದರೆ ಅಲುಗಾಡಿಸುವ ಬಲ ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಶಕ್ತಿಯ ಬೈಕುಗಳ ಹ್ಯಾಂಡಲ್‌ಗೆ ಐಫೋನನ್ನು ನೇರವಾಗಿ ಸಿಕ್ಕಿಸಬೇಡಿ, ಕ್ಯಾಮೆರಾ ಕೆಡಬಹುದು ಎಂದು ಆ್ಯಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತು. ಸ್ಕೂಟರಿಗೂ ನಡುಕ ಹೀರುವ ಹೋಲ್ಡರ್ ಬೇಕೆಂದಿತು.

ಇನ್ನು ಚಾರ್ಜಿಂಗ್. ಬೈಕಿನ ಬ್ಯಾಟರಿ 12 ವೋಲ್ಟಿನದು, ಎಂಜಿನ್ ಓಡುವಾಗ ಸುಮಾರು 14. ಯುಎಸ್‌ಬಿಗೆ ಬೇಕಿರುವುದು 5. ಹಳೆಯ ಮಾದರಿಯ ರೆಗ್ಯುಲೇಟರಿನಲ್ಲಿ 1 ಆಂಪಿಯರ್ ಹರಿಸಿದರೆ ಮಿಕ್ಕ 9 ವೋಲ್ಟು 9 ವಾಟಿನ ಬಿಸಿಯಾಗಿ ಪೋಲಾಗುತ್ತದೆ. ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುವ ಇಂದಿನ ಕನ್ವರ್ಟರಿನಲ್ಲಿ ನಷ್ಟ ತೀರಾ ಕಡಿಮೆ. ಅದನ್ನು ಫ್ಯೂಸ್ ಮೂಲಕ, ಕೀಲಿ ತಿರುಗಿಸಿದಾಗಷ್ಟೇ ಬರುವ ತಂತಿಗೆ ಜೋಡಿಸಲು ಮೆಕ್ಯಾನಿಕ್‌ಗೆ ಹೇಳಿ. ನೇರ ಬ್ಯಾಟರಿಗೆ ಕೊಟ್ಟರೆ, ಕನ್ವರ್ಟರ್ ಸುಮ್ಮನಿದ್ದಾಗಲೂ 10 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 5 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರದಲ್ಲಿ ಬರಿದು. ಊರಿಗೆ ಹೋಗಿ ಬಂದವರ ಗಾಡಿ ಸ್ಟಾರ್ಟ್ ಆಗದಿರಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಕೊನೆಗೆ ಕಿವಿ. ಕನಕಪುರ ರಸ್ತೆಯಲ್ಲಿ ವೇಗ ಏರಿದಂತೆ ಹೆಲ್ಮೆಟ್ಟಿನೊಳಗೆ ಗಾಳಿಯ ಮೊರೆತ ಎಂಜಿನ್ನನ್ನೇ ಮೀರಿಸುತ್ತದೆ. ಅದನ್ನು ಗೆಲ್ಲಲು ಹಾಡಿನ ದನಿ ಏರಿಸುತ್ತೇವೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದಾದರೆ, 3 ಡೆಸಿಬಲ್ ಏರಿದಾಗಲೆಲ್ಲ ಆ ಅವಧಿ ಅರ್ಧವಾಗುತ್ತದೆ. 97ಕ್ಕೆ ಬರೀ ಅರ್ಧ ಗಂಟೆ. ಹೋದ ಶ್ರವಣ ಮರಳುವುದಿಲ್ಲ. ಹಿಂದಿನ ಬಸ್ಸಿನ ಹಾರ್ನ್ ಕೇಳಿಸದಿದ್ದರೆ ಅಷ್ಟು ದೂರದ ಮಾತೂ ಬೇಡ.

ಜೆ.ಪಿ. ನಗರ, ಬನಶಂಕರಿಯ ಗಲ್ಲಿಗಳಲ್ಲಿ ಹಾಡು ನಿಲ್ಲಿಸಿಯೇ ಓಡಿಸಿ. ಕ್ಯಾಮೆರಾದ ಫೋನು ಜೇಬಿನಲ್ಲಿರಲಿ. ದೇಹದ ಮಾಂಸ, ಬಟ್ಟೆ ನಡುಕವನ್ನು ಚೆನ್ನಾಗಿ ಹೀರುತ್ತವೆ. ದಾರಿ ತೋರಲು ಹ್ಯಾಂಡಲ್ ಮೇಲೆ ಏನಾದರೂ ಬೇಕೇ ಬೇಕೆಂದರೆ, ಮನೆಯ ಡ್ರಾಯರಿನಲ್ಲಿ ಮಲಗಿರುವ ಹಳೆಯ ಅಗ್ಗದ ಫೋನನ್ನು ಹೊರತೆಗೆಯಿರಿ.