ಆಟದ ಬಯಲೂ ಜನಘೋಷವೂ

ಅರ್ಧರಾತ್ರಿ ಕಳೆದು ಊರೆಲ್ಲ ಮಲಗಿರುವ ಒಂದೂವರೆ ಗಂಟೆಯ ಹೊತ್ತಿಗೆ, ಯೂರೋಪಿನ ಯಾವುದೋ ನಗರದಲ್ಲಿ ಆರಂಭವಾಗುವ ಫುಟ್ಬಾಲ್ ಪಂದ್ಯವನ್ನು ಅಂಗೈಯಗಲದ ಫೋನಿನಲ್ಲಿ ನೋಡುತ್ತ ಕೂರುವ ತರುಣರು ಹೊಸಪೇಟೆಯಲ್ಲಿಯೂ ಕಂಪ್ಲಿಯಲ್ಲಿಯೂ ಈಗ ಅಪರೂಪವಲ್ಲ. ಅವರಲ್ಲೊಬ್ಬನು ಬೆಂಗಳೂರಿಗೆ ಹೋದಾಗ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡದ ಆಟವನ್ನು ಕಂಡು ಬಂದನೆಂದರೆ, ಆಟದ ಗುಣದೋಷಗಳನ್ನು ಕುರಿತು ನಾಲ್ಕು ಮಾತನಾಡಿ, ಕಟ್ಟಕಡೆಗೆ ‘ಏನಾದ್ರೂ ಅಲ್ಲಿನ ಕಳೆ ಇಲ್ಲಿಲ್ಲ ಬಿಡ್ರಿ’ ಎಂದು ತೀರ್ಪು ಕೊಡುವುದೂ ಅಪರೂಪವಲ್ಲ. ಈ ತೀರ್ಪಿಗೆ ಕಾರಣವನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರವು ಜನರ ಸ್ವಭಾವವನ್ನು ಕುರಿತದ್ದು: ತುರ್ಕರ ರಕ್ತ ಬಿಸಿ, ಇಂಗ್ಲಿಷರಿಗೆ ಫುಟ್ಬಾಲ್ ಮತಧರ್ಮಕ್ಕೆ ಸಮಾನ, ನಮ್ಮವರಿಗೆ ಕ್ರಿಕೆಟ್ಟೊಂದೇ ಸಾಕು, ಇತ್ಯಾದಿ. ಸ್ವಭಾವವೆಂಬುದು ಅಜ್ಞಾನವನ್ನು ಮುಚ್ಚಿಡಲು ಬಹಳ ಅನುಕೂಲವಾದ ಹೊದಿಕೆ. ಜನರ ರಕ್ತವನ್ನು ಪರೀಕ್ಷಿಸುವುದಕ್ಕೆ ಮುನ್ನ ಅವರ ಕೂಗನ್ನು ಹೊತ್ತೊಯ್ಯುವ ಗಾಳಿಯನ್ನೂ, ಅವರು ಕುಳಿತ ಜಾಗಕ್ಕೂ ಆಟಗಾರನ ಕಿವಿಗೂ ನಡುವಣ ದೂರವನ್ನೂ ಒಮ್ಮೆ ಪರಿಶೀಲಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಚೆಂಡು ಈ ಸೀಮೆಗೆ ಪರದೇಶಿಯಲ್ಲ. ಕಂಪಿಲಿಯ ಕುಮಾರರಾಮನ ಕಥೆಯಲ್ಲಿ ಅನರ್ಥಪರಂಪರೆಗೆಲ್ಲ ಮೂಲವಾದದ್ದು ಒಂದು ಚೆಂಡಾಟವೇ. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಕ್ಕೆ ಹೋಗಿ ಬೀಳದೆ ಇದ್ದಿದ್ದರೆ ನಮ್ಮ ಸಾಂಗತ್ಯ ಕವಿಗಳು ಬೇರೆ ವಸ್ತುವನ್ನು ಹುಡುಕಬೇಕಾಗುತ್ತಿತ್ತು. ಇಂದಿನ ಕಾಲ್ಚೆಂಡಿಗಾದರೋ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಸಮೀಪದಲ್ಲಿ, ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿಯೇ, ಒಂದು ನೆಲೆಯುಂಟು: 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದ ಬೆಂಗಳೂರು ಎಫ್‌ಸಿಯ ಎಳೆಯ ಆಟಗಾರರ ವಸತಿಶಾಲೆ ಅಲ್ಲಿದೆ, 2018ರ ಆಗಸ್ಟಿನಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಸಂಸ್ಥೆಯೂ ಅಲ್ಲಿಯೇ ಇದೆ. ಅಭ್ಯಾಸದ ಬಯಲಿನಲ್ಲಿ ನೋಡುಗರಿರುವುದಿಲ್ಲ. ಚೆಂಡಿಗೆ ಪಾದ ತಗುಲಿದ ದಪ್ಪನೆಯ ಸದ್ದು, ಗೋಲಿನವನು ತನ್ನವರನ್ನು ಹೆಸರು ಹಿಡಿದು ಕೂಗುವ ಕೂಗು, ತರಬೇತುದಾರನ ಸೀಟಿ, ಇವಿಷ್ಟೇ ಅಲ್ಲಿನ ಶ್ರವಣಸಂಪತ್ತು. ಇದೇ ಹುಡುಗನು ಮುಂದೊಂದು ದಿನ ಸಾವಿರಾರು ಜನರ ನಡುವೆ ಆಡುವಾಗ ಅವನ ಕಿವಿಗೆ ಬೀಳುವುದೇನು?

ಮೊದಲು ಸಂಖ್ಯೆಯ ಮಾತು. ಶಬ್ದವನ್ನು ಅಳೆಯುವ ಡೆಸಿಬೆಲ್ ಮಾನವು ಕೂಡುವ ಲೆಕ್ಕದ್ದಲ್ಲ, ಗುಣಿಸುವ ಲೆಕ್ಕದ್ದು. ಒಬ್ಬನು ಕೂಗುವಲ್ಲಿ ಹತ್ತು ಮಂದಿ ಕೂಗಿದರೆ ಮಟ್ಟವು 10 ಡೆಸಿಬೆಲ್ ಏರುತ್ತದೆ, ನೂರು ಮಂದಿ ಕೂಗಿದರೆ 20, ಸಾವಿರವಾದರೆ 30. ಆದರೆ ನಮ್ಮ ಕಿವಿಯು 10 ಡೆಸಿಬೆಲ್ಲಿನ ಏರಿಕೆಯನ್ನು ಸ್ಥೂಲವಾಗಿ ಇಮ್ಮಡಿ ಸದ್ದೆಂದು ಮಾತ್ರ ಗ್ರಹಿಸುವುದರಿಂದ, ಎರಡೂವರೆ ಸಾವಿರ ಜನರ ಜಾಗದಲ್ಲಿ ಇಪ್ಪತ್ತೈದು ಸಾವಿರ ಜನರನ್ನು ತಂದು ಕೂರಿಸಿದರೂ ಕೇಳುಗನಿಗೆ ಸದ್ದು ಹತ್ತು ಪಟ್ಟಾಗದೆ ಎರಡು ಪಟ್ಟಾದಂತೆ ತೋರುತ್ತದೆ. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತವು ಚೀನೀ ತೈಪೆಯನ್ನು 5–0 ಗೋಲುಗಳಿಂದ ಸೋಲಿಸಿದಾಗ ಪ್ರೇಕ್ಷಕರಿದ್ದದ್ದು 2,569 ಮಂದಿ. ಮರುದಿನ ನಾಯಕ ಸುನಿಲ್ ಛೆಟ್ರಿ ‘ಬನ್ನಿ, ಬೈಯುವುದಾದರೂ ಸರಿ, ಬಂದು ಬೈಯಿರಿ’ ಎಂಬ ಭಾವದಲ್ಲಿ ಜನರನ್ನು ಬೇಡಿಕೊಂಡ ಮೇಲೆ, ಕೀನ್ಯಾದೊಡನೆ ನಡೆದ ಮುಂದಿನ ಪಂದ್ಯಕ್ಕೆ ಆ ಚಿಕ್ಕ ಕ್ರೀಡಾಂಗಣ ತುಂಬಿಹೋಯಿತು. ಜನ ಮೂರು ನಾಲ್ಕು ಪಟ್ಟಾದರೆ ಏರುವುದು ಐದಾರು ಡೆಸಿಬೆಲ್ಲಷ್ಟೆ. ಆದರೂ ಆ ದಿನ ಅಲ್ಲಿದ್ದವರು ಎರಡು ಪಂದ್ಯಗಳಿಗೆ ಅಜಗಜಾಂತರವಿತ್ತೆಂದೇ ಹೇಳಿಯಾರು. ಆದುದರಿಂದ ಕಳೆ ಎಂಬುದು ಬರಿಯ ಸದ್ದಿನ ಪ್ರಮಾಣವಲ್ಲವೆಂದು ಇಲ್ಲಿಯೇ ಸಂದೇಹ ಹುಟ್ಟಬೇಕು.

ಎರಡನೆಯದು ದೂರ. ಒಂದು ಬಿಂದುವಿನಿಂದ ಹೊರಟ ಶಬ್ದವು ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕುಂದುತ್ತದೆ. ಕಂಠೀರವವು ಓಟದ ಸ್ಪರ್ಧೆಗಳಿಗಾಗಿಯೂ ಕಟ್ಟಿದ ಕ್ರೀಡಾಂಗಣವಾದ್ದರಿಂದ ಅಲ್ಲಿ ಆಟದ ಹಸುರನ್ನು 400 ಮೀಟರಿನ ಓಟದ ಪಥವು ಸುತ್ತುವರಿದಿದೆ. ಇಂಥ ಪಥದ ಒಳಗಣ ಬಯಲಿನ ಉದ್ದ ಸುಮಾರು 157 ಮೀಟರು, ಫುಟ್ಬಾಲ್ ಅಂಗಣದ್ದು 105. ಹಾಗಾಗಿ ಗೋಲಿನ ಗೆರೆಯಾಚೆ ಒಂದೊಂದು ಬದಿಗೂ 26 ಮೀಟರು ಉಳಿದು, ಅದಕ್ಕೆ ಎಂಟು ಓಟಗಾರರ ಸಾಲಿನ ಹತ್ತು ಮೀಟರು ಸೇರಿದರೆ, ಅತ್ಯಂತ ಸಮೀಪದ ಪ್ರೇಕ್ಷಕನೂ ಗೋಲಿನಿಂದ 36 ಮೀಟರಿಗೂ ಆಚೆಗೇ ಇರಬೇಕಾಗುತ್ತದೆ. ಲಿವರ್‌ಪೂಲಿನ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಾದರೆ ಮುಂದಿನ ಸಾಲಿನವನು ಕೆಲವೇ ಮೀಟರುಗಳ ಅಂತರದಲ್ಲಿರುತ್ತಾನೆ. ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ಒಂದೇ ಬದಿಯ ಕಡಿದಾದ ಇಳಿಜಾರಿನಲ್ಲಿ ಸುಮಾರು 25,000 ಜನ ನಿಂತು ನೋಡುತ್ತಾರೆ. ಅವರ ತಲೆಯ ಮೇಲಿನ ಚಾವಣಿಯು ಆಕಾಶಕ್ಕೆ ಹೋಗಬೇಕಾದ ಸದ್ದನ್ನು ಹಿಡಿದು ಮೈದಾನಕ್ಕೆ ಹಿಂದಿರುಗಿಸುತ್ತದೆ. ನಮ್ಮ ಬಯಲುಗಳಲ್ಲಿ ಅಂಥ ಸದ್ದು ಹಕ್ಕಿಗಳ ಪಾಲು.

ಮೂರನೆಯದು ಕಾಲ, ವಿಷಯದ ತಿರುಳೆಲ್ಲ ಇರುವುದು ಇಲ್ಲಿಯೇ ಎಂದು ನಾನು ಎಣಿಸುತ್ತೇನೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು ಸಾಗುತ್ತದೆ. ಇದು ವೇಗವೆಂದು ತೋರಿದರೂ ಜನಸಂದಣಿಯ ಪಾಲಿಗೆ ಬಹಳ ಮಂದಗತಿ. ಕ್ರೀಡಾಂಗಣದ ಒಂದು ತುದಿಯಲ್ಲಿ ಹೊರಟ ಚಪ್ಪಾಳೆಯು ಇನ್ನೂರು ಮೀಟರಿನಾಚೆಯ ಎದುರು ತುದಿಯನ್ನು ಮುಟ್ಟಲು ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಬೇಕು, ಆ ಅರ್ಧ ಸೆಕೆಂಡೆಂದರೆ ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟಿನ ತಾಳದಲ್ಲಿ ಒಂದು ಪೂರ್ಣ ಪೆಟ್ಟು. ಕಿವಿಯನ್ನು ನಂಬಿ ಹಾಡುವ ಎರಡು ತುದಿಗಳು ಒಂದಾಗಿ ಹಾಡುವುದು ಆದ್ದರಿಂದಲೇ ದುಸ್ಸಾಧ್ಯ.

ಇದನ್ನು ಕಣ್ಣಾರೆ ಕಾಣಬೇಕಾದವರು ಜರ್ಮನಿಗೆ ಹೋಗಬೇಕಾದದ್ದಿಲ್ಲ. ಚೈತ್ರದ ಹುಣ್ಣಿಮೆಯ ತೇರಿಗೆ ಹಂಪೆಗೆ ಹೋದರೆ ಸಾಕು. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ನೀಳವಾಗಿ ಚಾಚಿರುವ ರಥಬೀದಿಯ ಇಕ್ಕೆಲಗಳಲ್ಲಿ ಕಲ್ಲಿನ ಮಂಟಪಗಳ ಸಾಲು. ನಡುವೆ ಉತ್ತತ್ತಿ ಬಾಳೆಹಣ್ಣುಗಳನ್ನು ಕೈಯಲ್ಲಿ ಹಿಡಿದು ತೇರಿನತ್ತ ಕತ್ತೆತ್ತಿ ನಿಂತ ಜನಸಾಗರ. ತೇರಿನ ಬಳಿ ಹುಟ್ಟಿದ ‘ಹರಹರ ಮಹಾದೇವ’ ಘೋಷವು ಬೀದಿಯ ಕಡೆಯ ತುದಿಯನ್ನು ಮುಟ್ಟುವಷ್ಟರಲ್ಲಿ ಎರಡು ಸೆಕೆಂಡು ಸರಿದಿರುತ್ತದೆ. ಅಲ್ಲಿಯವರು ಕೇಳಿ ಮರುದನಿ ಕೊಡುವಾಗ ಇಲ್ಲಿಯವರದು ಮುಗಿದಿರುತ್ತದೆ. ಹೀಗೆ ಘೋಷವು ಒಮ್ಮೆಗೇ ಏಳದೆ ಬೀದಿಯುದ್ದಕ್ಕೂ ಅಲೆಯಾಗಿ ಹರಿಯುತ್ತದೆ. ಆದರೆ ಹಗ್ಗವನ್ನು ಅಲೆಯಲೆಯಾಗಿ ಎಳೆದರೆ ತೇರು ಕದಲಲಾರದು. ಅದಕ್ಕೆಂದೇ ನಮ್ಮ ತೇರುಗಳಲ್ಲಿ ಎತ್ತರದಲ್ಲಿ ನಿಂತವನೊಬ್ಬನು ವಸ್ತ್ರವನ್ನು ಬೀಸಿ ಸನ್ನೆಮಾಡುವುದುಂಟು: ಬೆಳಕಿಗೆ ವಿಳಂಬವಿಲ್ಲ, ಎಲ್ಲ ಕಣ್ಣುಗಳೂ ಅದನ್ನು ಏಕಕಾಲದಲ್ಲಿ ಕಾಣುತ್ತವೆ. ಯೂರೋಪಿನ ಅಭಿಮಾನಿ ಕೂಟಗಳಲ್ಲಿ, ಅಷ್ಟು ದುಡ್ಡು ಕೊಟ್ಟು ಒಳಬಂದು ಆಟಕ್ಕೆ ಬೆನ್ನು ಹಾಕಿ, ತನ್ನವರ ಕಡೆಗೆ ಮುಖ ಮಾಡಿ ತೊಂಬತ್ತು ನಿಮಿಷವೂ ಕೈ ಬೀಸುತ್ತ ನಿಲ್ಲುವ ಮುಂದಾಳನ್ನು ನೋಡಿ ಮರುಳನೆಂದು ನಕ್ಕವರುಂಟು. ಅವನು ಮಾಡುತ್ತಿರುವುದು ತೇರಿನ ಮೇಲೆ ನಿಂತವನ ಕೆಲಸವನ್ನೇ. ಬೆಂಗಳೂರಿನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಕ್ರೀಡಾಂಗಣದಲ್ಲೆಲ್ಲ ಚದುರಿ ಕೂರದೆ ಒಂದೇ ಕಡೆ ಒತ್ತಾಗಿ ನಿಲ್ಲುವುದರಲ್ಲಿಯೂ ಭೌತವಿಜ್ಞಾನದ ಇದೇ ವಿವೇಕ ಅಡಗಿದೆ. ಮೂವತ್ತು ಮೀಟರಿನ ಅಳತೆಯೊಳಗೆ ವಿಳಂಬವು ಹತ್ತನೆಯ ಒಂದು ಸೆಕೆಂಡನ್ನು ಮೀರದು, ತಾಳ ಕೆಡದು.

ಚಪ್ಪಾಳೆಯ ತಾಳವನ್ನು ಕುರಿತು ಹಂಗೇರಿಯ ವಿಚೆಕ್, ಬರಾಬಾಶಿ ಮೊದಲಾದ ವಿಜ್ಞಾನಿಗಳು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧವೊಂದು ಬಲು ಸ್ವಾರಸ್ಯಕರ. ಸಭಾಂಗಣದ ಜನರು ಮೊದಲು ತಮಗೆ ತೋಚಿದಂತೆ ತ್ವರಿತವಾಗಿ ತಟ್ಟುತ್ತಾರೆ. ಬಳಿಕ, ಯಾರೂ ಹೇಳದೆಯೇ, ತಟ್ಟುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ ಒಂದೇ ತಾಳಕ್ಕೆ ಬರುತ್ತಾರೆ. ವೇಗವು ಇಳಿದುದರಿಂದ ಒಟ್ಟು ಸದ್ದು ಕುಗ್ಗುತ್ತದೆ. ಕುಗ್ಗಿತೆಂದು ಉತ್ಸಾಹದಿಂದ ಮತ್ತೆ ವೇಗವನ್ನು ಏರಿಸಿದೊಡನೆಯೇ ತಾಳ ಒಡೆದುಹೋಗುತ್ತದೆ. ಅಬ್ಬರವೂ ಏಕತಾಳವೂ ಏಕಕಾಲದಲ್ಲಿ ದಕ್ಕವು. 2002ರಲ್ಲಿ ಅದೇ ವಿಚೆಕ್ ಮತ್ತು ಸಂಗಡಿಗರು ಕ್ರೀಡಾಂಗಣಗಳಲ್ಲಿ ಎದ್ದು ಕೂರುವ ‘ಮೆಕ್ಸಿಕನ್ ಅಲೆ’ಯನ್ನೂ ಅಳೆದರು: ಅದು ಸೆಕೆಂಡಿಗೆ ಸುಮಾರು 12 ಮೀಟರು, ಅಂದರೆ ಇಪ್ಪತ್ತು ಆಸನಗಳ ವೇಗದಲ್ಲಿ ಸುತ್ತುತ್ತದೆ, ಐವತ್ತು ಸಾವಿರ ಜನರ ನಡುವೆ ಅದನ್ನೆಬ್ಬಿಸಲು ಹತ್ತಾರು ಮಂದಿ ಸಾಕು.

ನಮ್ಮಲ್ಲಿ ಈ ಹತ್ತಾರು ಮಂದಿಗೆ ಅವಕಾಶವೇ ಇಲ್ಲದಂತೆ ಧ್ವನಿವರ್ಧಕವು ಬಂದು ಕುಳಿತಿದೆ. ಆಟ ನಿಂತ ಕ್ಷಣವೇ ಸಿನಿಮಾ ಹಾಡು, ಗೋಲಾದ ಕ್ಷಣವೇ ಹಾಡು. ಜನ ತಾವೇ ಒಂದು ತಾಳಕ್ಕೆ ಬರುವ ಎಂಟು ಹತ್ತು ಸೆಕೆಂಡುಗಳನ್ನು ಯಂತ್ರವು ಕಬಳಿಸುತ್ತದೆ. 2023ರ ಜುಲೈ 4ರಂದು ಕಂಠೀರವದಲ್ಲಿ ಕುವೈತಿನೆದುರು ಸ್ಯಾಫ್ ಪಂದ್ಯಾವಳಿಯ ಅಂತಿಮ ಪಂದ್ಯವು 1–1ರ ಸಮದಿಂದ ಪೆನಾಲ್ಟಿಗೆ ಹೋಗಿ, ಗುರುಪ್ರೀತ್ ಸಿಂಗ್ ಸಂಧುವಿನ ಕೈಯಿಂದ ಭಾರತವು 5–4ರಲ್ಲಿ ಗೆದ್ದ ದಿನ ಇಡೀ ಕ್ರೀಡಾಂಗಣ ‘ವಂದೇ ಮಾತರಂ’ ಹಾಡಿದ್ದನ್ನು ನೆನೆದರೆ, ಕಂಠಕ್ಕೆ ನಮ್ಮಲ್ಲಿ ಕೊರತೆಯಿಲ್ಲವೆಂಬುದು ಮನವರಿಕೆಯಾಗುತ್ತದೆ. ಸ್ವದೇಶವೆಂಬುದೂ ಒಂದೇ ಬಣ್ಣದ್ದಲ್ಲ: 1997ರ ಜುಲೈನಲ್ಲಿ ಕೋಲ್ಕತ್ತದ ಸಾಲ್ಟ್ ಲೇಕಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಆಟಕ್ಕೆ ಸೇರಿದವರು 1,31,000 ಮಂದಿ, ಯೂರೋಪಿನ ಇಂದಿನ ಯಾವ ಕ್ರೀಡಾಂಗಣವೂ ಅಷ್ಟು ಜನರನ್ನು ಹಿಡಿಸಲಾರದು.

ಈ ಘೋಷದಿಂದ ಆಟಕ್ಕೆ ಏನಾದರೂ ಆಗುತ್ತದೆಯೇ? ಆಗುತ್ತದೆ, ಆದರೆ ಆಟಗಾರನಿಗಿಂತ ಮೊದಲು ತೀರ್ಪುಗಾರನಿಗೆ. ಇಂಗ್ಲೆಂಡಿನಲ್ಲಿ ನೆವಿಲ್ ಎಂಬ ಸಂಶೋಧಕರೂ ಸಂಗಡಿಗರೂ ಲಿವರ್‌ಪೂಲ್–ಲೆಸ್ಟರ್ ಪಂದ್ಯದ 47 ಘಟನೆಗಳನ್ನು ನಲವತ್ತು ಮಂದಿ ತೀರ್ಪುಗಾರರಿಗೆ ತೋರಿಸಿದರು. ಕೆಲವರಿಗೆ ಜನಘೋಷದೊಡನೆ, ಕೆಲವರಿಗೆ ಮೌನವಾಗಿ. ಘೋಷವನ್ನು ಕೇಳಿದವರು ತವರಿನ ತಂಡದ ಮೇಲೆ ಹೊರಿಸಿದ ತಪ್ಪುಗಳು ಶೇ. 15.5ರಷ್ಟು ಕಡಿಮೆಯಾಗಿದ್ದುವೆಂದು 2002ರಲ್ಲಿ ಪ್ರಕಟವಾಯಿತು. ಅನಂತರ ಕೊರೋನಾ ಕಾಲದಲ್ಲಿ ಯೂರೋಪಿನ ಕ್ರೀಡಾಂಗಣಗಳು ಬರಿದಾಗಿ, ಜಗತ್ತೇ ಒಂದು ಪ್ರಯೋಗಶಾಲೆಯಾದಾಗ, ಪರಊರಿನ ತಂಡಕ್ಕೆ ಸಿಗುತ್ತಿದ್ದ ಹೆಚ್ಚುವರಿ ಹಳದಿ ಚೀಟಿಗಳು ಬಹುಮಟ್ಟಿಗೆ ಮಾಯವಾದುವು.

ಸದ್ದನ್ನು ಮೀರಿದ ಅಂಶವೊಂದು ಉಳಿದಿದೆ. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಕೆಂಡ ಹಾಯುವವರ ಮತ್ತು ನೋಡುವವರ ಹೃದಯದ ಬಡಿತಗಳನ್ನು ಏಕಕಾಲದಲ್ಲಿ ಅಳೆದ ಸಂಶೋಧಕರು, ಹಾಯುವವನ ಬಡಿತದ ಏರಿಳಿತವನ್ನು ಅವನ ಬಂಧುಮಿತ್ರರ ಬಡಿತವು ಅನುಸರಿಸಿತೆಂದೂ, ಪಕ್ಕದಲ್ಲಿಯೇ ನಿಂತ ಅಪರಿಚಿತರ ಬಡಿತವು ಅನುಸರಿಸಲಿಲ್ಲವೆಂದೂ 2011ರಲ್ಲಿ ವರದಿ ಮಾಡಿದರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ನಿಂತು, ಕೆಂಡದ ಮೇಲೆ ತನ್ನ ಮನೆಯ ಹುಡುಗ ಕಾಲಿಟ್ಟುದನ್ನು ಕಂಡವರಿಗೆ ಇದು ಹೊಸ ಸುದ್ದಿಯಾಗದು. ಡಾರ್ಟ್‌ಮುಂಡ್ ತಂಡ ಹುಟ್ಟಿದ್ದು 1909ರಲ್ಲಿ, ಲಿವರ್‌ಪೂಲ್ 1892ರಲ್ಲಿ. ಅಲ್ಲಿ ಅಜ್ಜನ ಆಸನದಲ್ಲಿ ಮೊಮ್ಮಗ ಕುಳಿತಿದ್ದಾನೆ. ಬೆಂಗಳೂರಿನ ತಂಡಕ್ಕೆ ಇನ್ನೂ ಅಜ್ಜಂದಿರೇ ಇಲ್ಲ.

ಅಜ್ಜಂದಿರನ್ನು ಕಟ್ಟಡದಿಂದ ನಿರ್ಮಿಸಲಾಗದು, ದೂರವನ್ನಾದರೆ ತಗ್ಗಿಸಬಹುದು. ಇಲ್ಲಿ ಒಂದು ಒರಟು ಲೆಕ್ಕ. ಇಪ್ಪತ್ತೈದು ಸಾವಿರ ಜನರಿಗೆ ಹೋಲಿಸಿದರೆ ಐನೂರು ಜನರ ಕೂಗು 17 ಡೆಸಿಬೆಲ್ ಕಡಿಮೆ. ಆ ಐನೂರು ಜನರನ್ನು ಗೋಲಿನಿಂದ 36 ಮೀಟರಿಗೆ ಬದಲಾಗಿ 6 ಮೀಟರಿನಲ್ಲಿ ನಿಲ್ಲಿಸಿದರೆ ಹೆಚ್ಚೆಂದರೆ ಹದಿನೈದೂವರೆ ಡೆಸಿಬೆಲ್ ಮರಳಿ ದೊರೆಯುತ್ತದೆ. ಜನಸಂದಣಿಯು ಬಿಂದುವಲ್ಲವಾದ್ದರಿಂದ ವಾಸ್ತವದಲ್ಲಿ ದೊರೆಯುವುದು ಇದಕ್ಕಿಂತ ಕಡಿಮೆ, ಆದರೆ ಇಪ್ಪತ್ತೈದು ಸಾವಿರದಲ್ಲಿ ಬಹುಪಾಲು ಜನ 36 ಮೀಟರಿಗಿಂತ ಬಹಳ ಆಚೆಗೆ ಕುಳಿತಿರುತ್ತಾರೆಂಬುದನ್ನೂ ಮರೆಯಬಾರದು. ತಲೆಯ ಮೇಲೊಂದು ತಗಡಿನ ಚಾವಣಿ ಹಾಕಿದರೆ, ಮೇಲಕ್ಕೆ ಹೋಗುವ ಸದ್ದು ಕೆಳಕ್ಕೆ ತಿರುಗಿ, ಇನ್ನೂ ಎರಡು ಮೂರು ಡೆಸಿಬೆಲ್. ಹೊಸಪೇಟೆಯ ಹೊರವಲಯದಲ್ಲಿಯೋ ತೋರಣಗಲ್ಲಿನ ಅಭ್ಯಾಸದ ಬಯಲಿನಲ್ಲಿಯೋ ಒಂದು ಗೋಲಿನ ಹಿಂದೆ ಇಂಥ ಅಟ್ಟಣೆಯನ್ನು ಕಟ್ಟಲು ಬೇಕಾದದ್ದು ಹತ್ತು ಮೆಟ್ಟಿಲು, ಕೆಲವು ಕಂಬ, ಒಂದಿಷ್ಟು ತಗಡು. ಉಕ್ಕಿಗೆ ಬರವಿರುವ ಸೀಮೆಯಂತೂ ಇದಲ್ಲ.