ನೋವೇ ಆಗದ ಬಾಲ್ಡರ್: ಅದು ವರವೋ, ಶಾಪವೋ?

'ಗಾಡ್ ಆಫ್ ವಾರ್' ಆಡುವ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಒಬ್ಬ ಹೇಳುತ್ತಾನೆ: 'ಬಾಲ್ಡರ್‌ಗೆ ಏನು ಮಾಡಿದರೂ ಏನೂ ಆಗಲ್ಲ, ನೋವೂ ಇಲ್ಲ, ಅವನಷ್ಟು ಪವರ್ ಯಾರಿಗೂ ಇಲ್ಲ.' ಇನ್ನೊಬ್ಬ ಹೇಳುತ್ತಾನೆ: 'ಕ್ರೇಟೋಸ್ ಅವನನ್ನೇ ಕೊಂದನಲ್ಲ, ಹಾಗಾದರೆ ಕ್ರೇಟೋಸ್ ದೊಡ್ಡವನು.' ನಡುವೆ ಯಾರೋ ಆಟದ ಒಂದು ಚಿತ್ರ ಹಾಕಿ 'ಇದು ನಾರ್ಸ್ ಪುರಾಣದಲ್ಲೇ ಇದೆ' ಎಂದು ಬರೆಯುತ್ತಾರೆ. ಅದು ಫಾರ್ವರ್ಡ್ ಆಗುತ್ತಾ ಹೋಗುತ್ತದೆ.

ಈ ವಾದದಲ್ಲಿ ಎರಡು ತಪ್ಪುಗಳಿವೆ. ಒಂದು, ಆಟದ ಕಥೆ ಮತ್ತು ಪುರಾಣದ ಕಥೆ ಒಂದೇ ಎಂದುಕೊಳ್ಳುವುದು. ಇನ್ನೊಂದು, ನೋವಾಗದಿರುವುದು ಒಂದು ಶಕ್ತಿ ಎಂದು ನಂಬುವುದು. ಮೊದಲ ತಪ್ಪಿನಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಎರಡನೆಯದು ನಿಜ ಜೀವನದಲ್ಲಿ ಕಾಲು ಕಳೆದುಕೊಳ್ಳುವ ಮಟ್ಟಕ್ಕೂ ಹೋಗಬಹುದು.

ಆಟದಲ್ಲಿ ಏನಿದೆ?

ಸೋನಿಯ ಸಾಂಟಾ ಮೋನಿಕಾ ಸ್ಟುಡಿಯೋ ತಯಾರಿಸಿದ ಈ ಆಟ 2018ರ ಏಪ್ರಿಲ್‌ನಲ್ಲಿ ಬಂತು. ಇದರಲ್ಲಿ ಬಾಲ್ಡರ್‌ನ ತಾಯಿ ಫ್ರೇಯಾ. ಮಗ ಸಾಯುತ್ತಾನೆ ಎಂಬ ಭವಿಷ್ಯವಾಣಿಗೆ ಹೆದರಿ ಅವನ ಮೇಲೆ ಮಂತ್ರ ಹಾಕುತ್ತಾಳೆ. ಆಮೇಲೆ ಯಾವ ಆಯುಧವೂ ಯಾವ ಮಾಯೆಯೂ ಅವನನ್ನು ಕೊಲ್ಲಲಾಗದು. ಕತ್ತು ಮುರಿದರೂ ಮತ್ತೆ ಎದ್ದು ಬರುತ್ತಾನೆ. ಆದರೆ ಅವನಿಗೆ ನೋವು, ಬಿಸಿ, ತಂಪು, ರುಚಿ ಯಾವುದೂ ತಿಳಿಯುವುದಿಲ್ಲ. ಅದೇ ಕಾರಣಕ್ಕೆ ತಾಯಿಯನ್ನೇ ದ್ವೇಷಿಸುತ್ತಾನೆ.

ಕೊನೆಗೆ ಕ್ರೇಟೋಸ್‌ನ ಮಗ ಆಟ್ರಿಯಸ್‌ನನ್ನು ಬಾಲ್ಡರ್ ಗುದ್ದಿದಾಗ, ಹುಡುಗನ ಬತ್ತಳಿಕೆಯ ಪಟ್ಟಿಗೆ ಸಿಕ್ಕಿಸಿದ್ದ ಬಾಣದ ಮೊನೆ ಅವನ ಕೈಗೆ ಚುಚ್ಚುತ್ತದೆ. ಅದು ಮಿಸಲ್‌ಟೋ ಎಂಬ ಗಿಡದಿಂದ ಮಾಡಿದ್ದು. ನಮ್ಮಲ್ಲಿ ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆ ಇದೆಯಲ್ಲ, ಅದೇ ಬಗೆಯ ಗಿಡ. ಅಲ್ಲಿಗೆ ಮಂತ್ರ ಮುರಿಯುತ್ತದೆ. ಹಾಗಾಗಿ ಕ್ರೇಟೋಸ್ ಕೊಂದದ್ದು ಮಂತ್ರ ಕಳೆದುಕೊಂಡ ಬಾಲ್ಡರ್‌ನನ್ನು. 'ಯಾರು ದೊಡ್ಡವರು' ಎಂಬ ಪ್ರಶ್ನೆಗೆ ಆ ದೃಶ್ಯದಲ್ಲಿ ಉತ್ತರವೇ ಇಲ್ಲ.

ಪುರಾಣದಲ್ಲಿ ಏನಿದೆ?

ಬಾಲ್ಡರ್‌ನ ಕಥೆ ವಿವರವಾಗಿ ಸಿಗುವುದು ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ 13ನೇ ಶತಮಾನದಲ್ಲಿ ಬರೆದ 'ಪ್ರೋಸ್ ಎಡ್ಡಾ'ದಲ್ಲಿ. ಅಲ್ಲಿ ತಾಯಿಯ ಹೆಸರು ಫ್ರಿಗ್. ಅವಳು ಮಂತ್ರ ಹಾಕುವುದಿಲ್ಲ. ಬೆಂಕಿ, ನೀರು, ಕಬ್ಬಿಣ, ಕಲ್ಲು, ಮರ, ರೋಗ, ಪ್ರಾಣಿ, ವಿಷ ಹೀಗೆ ಒಂದೊಂದರಿಂದಲೂ 'ನನ್ನ ಮಗನಿಗೆ ಕೇಡು ಮಾಡುವುದಿಲ್ಲ' ಎಂದು ಆಣೆ ಹಾಕಿಸಿಕೊಳ್ಳುತ್ತಾಳೆ. ಮಿಸಲ್‌ಟೋ ಮಾತ್ರ ಇನ್ನೂ ಎಳೆಯದು ಎಂದು ಬಿಟ್ಟುಬಿಡುತ್ತಾಳೆ. ಲೋಕಿ ಅದನ್ನು ಪತ್ತೆಹಚ್ಚಿ, ಕುರುಡನಾದ ಹೋಡರ್‌ನ ಕೈಯಿಂದ ಎಸೆಯಿಸುತ್ತಾನೆ. ಬಾಲ್ಡರ್ ಅಲ್ಲೇ ಸಾಯುತ್ತಾನೆ.

ಕ್ರೇಟೋಸ್ ಈ ಕಥೆಯಲ್ಲಿ ಇಲ್ಲವೇ ಇಲ್ಲ. ಬಾಲ್ಡರ್‌ಗೆ ನೋವು, ರುಚಿ ತಿಳಿಯುವುದಿಲ್ಲ ಎಂಬ ಮಾತೂ ಇಲ್ಲ. ಅದು ಆಟ ಬರೆದವರು ಸೇರಿಸಿದ್ದು. ಪುರಾಣದಲ್ಲಿ ಫ್ರಿಗ್ ಮತ್ತು ಫ್ರೇಯಾ ಬೇರೆ ಬೇರೆ ದೇವತೆಗಳು. ಆಟದಲ್ಲಿ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದ್ದಾರೆ.

ಇಂಥ ಸೇರ್ಪಡೆ ಹೊಸದೇನಲ್ಲ

ಇದನ್ನು ಆಟದವರ ತಪ್ಪು ಎಂದು ಬೈಯಬೇಕಾಗಿಲ್ಲ. ಕಥೆ ಕೈಯಿಂದ ಕೈಗೆ ಹೋಗುವಾಗ ಬೆಳೆಯುತ್ತದೆ. ಗ್ರೀಕ್ ವೀರ ಅಕಿಲೀಸ್‌ಗೆ ಹಿಮ್ಮಡಿ ಬಿಟ್ಟು ಬೇರೆಲ್ಲೂ ಪೆಟ್ಟಾಗದು ಎಂದು ಎಲ್ಲರೂ ಹೇಳುತ್ತಾರೆ. ಹೋಮರನ 'ಇಲಿಯಡ್'ನಲ್ಲಿ ಆ ಮಾತೇ ಇಲ್ಲ. ಅಲ್ಲಿ ಒಂದು ಈಟಿ ಅವನ ತೋಳಿಗೆ ತಗುಲಿ ರಕ್ತ ಬರುತ್ತದೆ. ತಾಯಿ ಅವನನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ನೂರಾರು ವರ್ಷಗಳ ನಂತರ, ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನ ಕಾವ್ಯದಲ್ಲಿ ಬರುತ್ತದೆ.

ನಮ್ಮ ದುರ್ಯೋಧನನ ವಿಷಯವೂ ಹಾಗೆಯೇ. ಗಾಂಧಾರಿ ಕಣ್ಣಿನ ಪಟ್ಟಿ ಬಿಚ್ಚಿ ನೋಡಿದಾಗ ಅವನ ಮೈ ವಜ್ರವಾಯಿತು, ಬಟ್ಟೆ ಮುಚ್ಚಿದ್ದ ತೊಡೆ ಮಾತ್ರ ಉಳಿಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದಲ್ಲಿ ಅದಿಲ್ಲ. ವನಪರ್ವದಲ್ಲಿ ದಾನವರು ದುರ್ಯೋಧನನಿಗೆ ಬೇರೆಯೇ ಮಾತು ಹೇಳುತ್ತಾರೆ: ಅವನ ಮೇಲರ್ಧ ಮೈ ವಜ್ರದಿಂದಲೂ ಕೆಳಗಿನ ಅರ್ಧ ಹೂವಿನಿಂದಲೂ ಆಗಿದೆ ಎಂದು. 'ಮೂಲದಲ್ಲೇ ಇದೆ' ಎಂದು ಯಾರಾದರೂ ಹೇಳಿದರೆ 'ಯಾವ ಮೂಲ?' ಎಂದು ಕೇಳುವುದು ಒಳ್ಳೆಯದು.

ಮೂರು ಬೇರೆ ಬೇರೆ ಸಂಗತಿಗಳು

ಈಗ ಪವರ್ ವಿಷಯಕ್ಕೆ ಬರೋಣ. ಜಗಳ ಆಡುವವರು ಮೂರು ಸಂಗತಿಗಳನ್ನು ಕಲಸಿಬಿಡುತ್ತಾರೆ.

1. ಪೆಟ್ಟೇ ಆಗದಿರುವುದು. ಎಡ್ಡಾದ ಬಾಲ್ಡರ್ ಹೀಗೆ.

2. ಪೆಟ್ಟಾದರೂ ಬೇಗ ವಾಸಿಯಾಗುವುದು. ಆಟದ ಬಾಲ್ಡರ್ ಹೀಗೆ.

3. ಪೆಟ್ಟಾಗುತ್ತದೆ, ಆದರೆ ಗೊತ್ತಾಗುವುದಿಲ್ಲ.

ಇವಲ್ಲದೆ ಆಟಗಳಲ್ಲಿ 'ರೆಸಿಸ್ಟೆನ್ಸ್' ಎಂಬುದೊಂದಿದೆ. ಇದೇ ಆಟದಲ್ಲಿ ಹೆಲ್‌ಹೈಮ್‌ನ ಶತ್ರುಗಳ ಮೇಲೆ ಕ್ರೇಟೋಸ್‌ನ ಹಿಮದ ಕೊಡಲಿ ಕೆಲಸ ಮಾಡುವುದಿಲ್ಲ, ಅದಕ್ಕೇ ಅವನು ಹಳೆಯ ಬೆಂಕಿಯ ಕತ್ತಿಗಳನ್ನು ಮತ್ತೆ ಹಿಡಿಯುತ್ತಾನೆ. ಅದು ಆಟಗಾರ ಆಯುಧ ಬದಲಿಸಲಿ ಎಂದು ಮಾಡಿದ ನಿಯಮ. ಒಂದು ಆಟದ ಲೆಕ್ಕವನ್ನು ಇನ್ನೊಂದು ಆಟದ ಅಥವಾ ಪುರಾಣದ ವೀರನಿಗೆ ಹೊಂದಿಸಿ 'ಯಾರು ಗೆಲ್ಲುತ್ತಾರೆ' ಎಂದು ಕೇಳುವುದು ಚೆಸ್ಸಿನ ಕುದುರೆಯನ್ನು ಕೇರಂ ಬೋರ್ಡಿನ ಮೇಲೆ ಇಟ್ಟ ಹಾಗೆ.

ಮೊದಲ ಎರಡು ಕಥೆಯಲ್ಲಿ ಮಾತ್ರ ಉಂಟು. ಮೂರನೆಯದು ನಿಜವಾಗಿಯೂ ಇದೆ.

ನೋವು ಗೊತ್ತಾಗದ ಮನುಷ್ಯರು

ಕೈಗೆ ಮುಳ್ಳು ಚುಚ್ಚಿದಾಗ ಚರ್ಮದಲ್ಲಿರುವ ನರದ ತುದಿಗಳು ವಿದ್ಯುತ್ ಸಂಕೇತ ಕಳಿಸುತ್ತವೆ. ಆ ಸಂಕೇತ ಹೊರಡಲು ನರಕೋಶದ ಮೇಲೆ ಸೋಡಿಯಂ ಹಾದುಹೋಗುವ ಸಣ್ಣ ಬಾಗಿಲುಗಳು ತೆರೆಯಬೇಕು. ನೋವಿಗೆ ಮುಖ್ಯವಾದ ಅಂಥ ಒಂದು ಬಾಗಿಲನ್ನು ಎಸ್‌ಸಿಎನ್9ಎ ಎಂಬ ಜೀನ್ ರೂಪಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಕೆಟ್ಟ ರೂಪದಲ್ಲಿ ಬಂದರೆ ಮಗುವಿಗೆ ಹುಟ್ಟಿನಿಂದಲೇ ನೋವು ತಿಳಿಯುವುದಿಲ್ಲ. ಇದು ಬಹಳ ಅಪರೂಪ.

2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ಸಂಬಂಧವನ್ನು ತೋರಿಸಿತು. ಅದು ಶುರುವಾದದ್ದು ಉತ್ತರ ಪಾಕಿಸ್ತಾನದ ಒಬ್ಬ ಹುಡುಗನಿಂದ. ಅವನು ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಪ್ರದರ್ಶನ ಕೊಡುತ್ತಿದ್ದ. ನೋಡಿದವರಿಗೆ ಅದು ಪವಾಡ. ಆದರೆ 14 ವರ್ಷ ತುಂಬುವ ಮೊದಲೇ, ಮನೆಯ ಮಾಳಿಗೆಯಿಂದ ಹಾರಿ ಸತ್ತುಹೋದ. ಅದೇ ತೊಂದರೆ ಇದ್ದ ಬೇರೆ ಮಕ್ಕಳಲ್ಲಿ ವೈದ್ಯರು ಕಂಡದ್ದು ತಾವೇ ಕಚ್ಚಿಕೊಂಡು ಗಾಯವಾದ ನಾಲಿಗೆ ಮತ್ತು ತುಟಿ, ಯಾರ ಗಮನಕ್ಕೂ ಬಾರದೆ ಮುರಿದಿದ್ದ ಮೂಳೆ.

ನೋವಿಲ್ಲ ಎಂದರೆ ಗಾಯವಿಲ್ಲ ಎಂದಲ್ಲ. ಕಳ್ಳ ಬಂದಾಗ ನಾಯಿ ಬೊಗಳಲಿಲ್ಲ ಎಂದಷ್ಟೇ ಅರ್ಥ.

ಇದು ನಿಮ್ಮ ಮನೆಯಲ್ಲೂ ಇರಬಹುದು

ಹುಟ್ಟಿನಿಂದ ಬರುವ ಈ ಕಾಯಿಲೆ ಅಪರೂಪವಾದರೂ, ಆಮೇಲೆ ಸ್ಪರ್ಶ ಕಳೆದುಕೊಳ್ಳುವುದು ಅಪರೂಪವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಅಂಶ ಬಹಳ ಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಹಾಳಾಗುತ್ತವೆ. ಚಪ್ಪಲಿ ಕಚ್ಚಿದ್ದು, ಮೊಳೆ ಚುಚ್ಚಿದ್ದು, ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ನಡೆದು ಬೊಬ್ಬೆ ಬಂದದ್ದು ಯಾವುದೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ, ಕೊನೆಗೆ ಬೆರಳು ಅಥವಾ ಕಾಲು ತೆಗೆಯಬೇಕಾಗಿ ಬರಬಹುದು. 'ನೋವಿಲ್ಲವಲ್ಲ, ಸಣ್ಣ ಗಾಯ' ಎಂದು ಅಜ್ಜ ಹೇಳಿದರೆ ಅದು ಸಮಾಧಾನದ ಮಾತಲ್ಲ, ಡಾಕ್ಟರ ಬಳಿ ಹೋಗಬೇಕಾದ ಸೂಚನೆ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಹೀಗೆ ಮಾಡಿ:

ದಿನಕ್ಕೊಮ್ಮೆ ಪಾದದ ಅಡಿ ಮತ್ತು ಬೆರಳ ಸಂದಿಗಳನ್ನು ನೋಡಿ. ಬಗ್ಗಲು ಆಗದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮಕ್ಕಳು ನೋಡಲಿ.

ಬರಿಗಾಲಲ್ಲಿ ನಡೆಯಬೇಡಿ. ಚಪ್ಪಲಿ, ಶೂ ಹಾಕುವ ಮೊದಲು ಒಳಗೆ ಕಲ್ಲು ಇದೆಯೇ ಎಂದು ಕೈಯಿಂದ ನೋಡಿ.

ನೀರಿನ ಬಿಸಿಯನ್ನು ಕಾಲಿಟ್ಟು ಪರೀಕ್ಷಿಸಬೇಡಿ, ಮೊಣಕೈಯಿಂದ ನೋಡಿ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ.

ವರ್ಷಕ್ಕೊಮ್ಮೆಯಾದರೂ ಡಾಕ್ಟರ ಬಳಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ತೆಳು ನೈಲಾನ್ ಎಳೆ ಮುಟ್ಟಿಸಿ ನೋಡುವ ಆ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.

ಚರ್ಮದ ಮೇಲೆ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ ಬಂದು ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೂ ತೋರಿಸಿಕೊಳ್ಳಿ. ಅದು ಕುಷ್ಠರೋಗದ ಲಕ್ಷಣವಿರಬಹುದು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೇಗ ಶುರುಮಾಡಿದರೆ ಅಂಗವೈಕಲ್ಯ ತಪ್ಪಿಸಬಹುದು.

ಹಾಗಾದರೆ ಯಾರು ಗೆದ್ದರು?

'ಬಾಲ್ಡರ್ ಸಾಯದವನು' ಎಂಬುದು ಆಟದೊಳಗೆ ಸರಿ, ಆ ಬಾಣದ ಮೊನೆ ಚುಚ್ಚುವವರೆಗೆ. 'ಕ್ರೇಟೋಸ್ ಅವನನ್ನು ಕೊಂದದ್ದು ಪುರಾಣದಲ್ಲೇ ಇದೆ' ಎಂಬುದು ತಪ್ಪು. 'ನೋವಾಗದಿರುವುದು ಸೂಪರ್ ಪವರ್' ಎಂಬುದು ಪೂರ್ತಿ ತಪ್ಪು, ಮತ್ತು ಆಟ ಬರೆದವರಿಗೂ ಅದು ಗೊತ್ತಿತ್ತು. ಮಂತ್ರ ಮುರಿದು ಕೈ ನೋಯಲು ಶುರುವಾದಾಗ ಬಾಲ್ಡರ್ ಅಳುವುದಿಲ್ಲ, ಸಂತೋಷಪಡುತ್ತಾನೆ.

ಮುಂದಿನ ಸಲ ಗ್ರೂಪಿನಲ್ಲಿ ಈ ಜಗಳ ಎದ್ದರೆ ಇದನ್ನು ಕಳಿಸಿ. ಅದಕ್ಕಿಂತ ಮೊದಲು ಮನೆಯ ಹಿರಿಯರ ಪಾದ ಒಮ್ಮೆ ನೋಡಿ.