ಕಲ್ಲಿನ ಕೋಟೆ, ಬಿದಿರಿನ ಕೋಟೆ

ಮಂಜರಾಬಾದಿನ ಮೆಟ್ಟಿಲು ಹತ್ತುವಾಗ ಮೊಮ್ಮಗ ಎರಡು ಸಲ ಸುಧಾರಿಸಿಕೊಳ್ಳಲು ಕೂತ. ಮೂರನೇ ಸಲ ಕೂತವನು ಕಿಟಾರನೆ ಕಿರುಚಿದ. ಕಾಲ್ಚೀಲದ ಅಂಚಿನಲ್ಲಿ ಇಂಬಳ. ದಾರದ ಎಳೆಯಷ್ಟಿದ್ದದ್ದು ರಕ್ತ ಹೀರಿ ಕಡಲೆಕಾಳಿನಷ್ಟು ಉಬ್ಬಿತ್ತು. ‘ಕೀಳಬೇಡ, ತಡಿ’ ಅಂದು ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬೆರಳ ತುದಿಯಲ್ಲಿ ಒಂದಿಷ್ಟು ಮುಟ್ಟಿಸಿದೆ. ಮುದುಡಿಕೊಂಡು ಉದುರಿತು. ರಕ್ತ ಮಾತ್ರ ನಿಲ್ಲಲಿಲ್ಲ. ಕಚ್ಚುವಾಗಲೇ ರಕ್ತ ಹೆಪ್ಪುಗಟ್ಟದಂಥ ಒಂದು ರಸವನ್ನು ಅದು ಬಿಟ್ಟಿರುತ್ತದೆ. ನೋವೂ ಗೊತ್ತಾಗುವುದಿಲ್ಲ, ಬಿಳಿ ಕಾಲ್ಚೀಲ ಕೆಂಪಾದ ಮೇಲೇ ಗೊತ್ತಾಗುವುದು.

ಇವನು ಬೆಂಗಳೂರಿನಲ್ಲಿ ಏಳನೇ ಕ್ಲಾಸು. ದಸರಾ ರಜೆಗೆ ಬಂದವನ ಬಾಯಲ್ಲಿ ಬರೀ ಪೆರು ದೇಶ. ಹಾಳು ಕೋಟೆ, ಬೆಟ್ಟ, ಮಳೆಕಾಡು ಮೂರೂ ಒಂದೇ ಕಡೆ ಇರುವ ದೇಶವಂತೆ. ಶಾಲೆಯಲ್ಲಿ ಮಾಚು ಪಿಚು ಚಿತ್ರ ಅಂಟಿಸಿಕೊಂಡು ಬಂದಿದ್ದಾನೆ. ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಲೆಕ್ಕ ನೋಡುವ ರೈಟರ್ ಆಗಿದ್ದ ನನಗೆ ಸ್ವಲ್ಪ ಅಭಿಮಾನ ಕೆರಳಿತು. ಆ ಮೂರೂ ನಮ್ಮಲ್ಲಿ ಒಂದು ದಿನದ ದಾರಿಯಲ್ಲೇ ಸಿಗುತ್ತವೆ, ಬಾ ಅಂದೆ.

ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಲ್ ಹತ್ತಿರ ಈ ಗುಡ್ಡ. ಟಿಪ್ಪು ಕೋಟೆ ಕಟ್ಟಿ ಮುಗಿಸಿದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯವನ್ನೇ ಬಿಟ್ಟುಕೊಡಬೇಕಾಯಿತು. ಮಂಗಳೂರು ಬಂದರು ಮಾತ್ರ ಇನ್ನೂ ಅವನ ಕೈಲಿತ್ತು, ಅಲ್ಲಿಗೆ ಇಳಿಯುವ ಘಟ್ಟದ ದಾರಿಯನ್ನು ಕಾಯಬೇಕಿತ್ತು. ಕೋಟೆಗೆ ಎಂಟು ಮೂಲೆ, ನಕ್ಷತ್ರದ ಆಕಾರ. ಫ್ರಾನ್ಸಿನ ವೊಬಾನ್ ಎಂಬ ಎಂಜಿನಿಯರ್ ಹೆಸರಿಗೆ ಅಂಟಿಕೊಂಡ ಮಾದರಿ ಇದು. ಫಿರಂಗಿ ಬರುವ ಮೊದಲು ಎತ್ತರದ ಗೋಡೆ ಸಾಕಾಗುತ್ತಿತ್ತು. ಫಿರಂಗಿ ಬಂದ ಮೇಲೆ ಎತ್ತರದ ಗೋಡೆಯೇ ಸುಲಭದ ಗುರಿ. ನೆಟ್ಟಗಿನ ಗೋಡೆಯ ಬುಡಕ್ಕೆ ಬಂದು ಒರಗಿದ ಶತ್ರುವನ್ನು ಮೇಲಿನವನು ಹೊಡೆಯಲೂ ಆಗದು. ನಕ್ಷತ್ರದ ಒಂದು ಮೂಲೆಯ ಬುಡವನ್ನಾದರೋ ಪಕ್ಕದ ಮೂಲೆಯವನು ನೋಡುತ್ತಿರುತ್ತಾನೆ. ‘ಕ್ಲಾಸಲ್ಲಿ ಪಕ್ಕದ ಬೆಂಚಿನವನು ನಿನ್ನ ಕಾಪಿ ನೋಡಿದ ಹಾಗೆ’ ಅಂದೆ. ಅವನಿಗೆ ತಕ್ಷಣ ಅರ್ಥವಾಯಿತು.

ಆದರೆ ನಕ್ಷತ್ರ ಒಳಗೆ ನಿಂತವರಿಗೆ ಕಾಣುವುದಿಲ್ಲ. ಹದ್ದಿಗೆ ಕಾಣುತ್ತದೆ, ಈಗ ಡ್ರೋನಿಗೆ. ನಮಗೆ ಕಂಡದ್ದು ನಡುವಿನ ಕೊಳ. ಶಿಲುಬೆಯಂತೆ ನಾಲ್ಕು ದಿಕ್ಕಿಗೂ ಮೆಟ್ಟಿಲು ಇಳಿದಿವೆ, ಮೆಟ್ಟಿಲಿನ ಸಂದಿಯಲ್ಲಿ ಜರಿಗಿಡ, ತಳದಲ್ಲಿ ಹಸಿರು ನೀರು. ಪಕ್ಕದಲ್ಲಿ ಮದ್ದಿನ ಮನೆಗಳು. ಒಳಗೆ ಹೊಕ್ಕರೆ ಚೈತ್ರದಲ್ಲೂ ಥಂಡಿ. ಸಂಜೆಯವರೆಗೆ ಕೂತಿದ್ದರೂ ಪಡುವಣದ ಕಡೆ ಏನೂ ಕಾಣುತ್ತಿರಲಿಲ್ಲವೇನೋ. ಬಯಲೆಲ್ಲ ಮಂಜು ಮುಚ್ಚಿತ್ತು. ಊರಿಗೆ ಮಂಜರಾಬಾದ್ ಎಂಬ ಹೆಸರು ಬಂದದ್ದೇ ಈ ಮಂಜಿನಿಂದ ಅನ್ನುತ್ತಾರೆ. ಆ ದಿನವಂತೂ ನಾನು ವಾದಕ್ಕೆ ಹೋಗಲಿಲ್ಲ.

ಕಲ್ಲಿನ ಕೋಟೆ ಅವನಿಗೆ ಹಿಡಿಸಿತು. ನನಗೆ ಹೇಳಬೇಕಾಗಿದ್ದದ್ದು ಇನ್ನೊಂದು ಕೋಟೆಯ ಕಥೆ. ಟಿಪ್ಪುವಿಗೂ ಮೊದಲು ಈ ಸೀಮೆಗೆ ಬಲಂ ಅಂತ ಹೆಸರು, ಐಗೂರಿನ ಪಾಳೇಗಾರರದು. 1799ರಲ್ಲಿ ಟಿಪ್ಪು ಬಿದ್ದ ಮೇಲೂ ಅಲ್ಲಿನ ಪಾಳೇಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ತಲೆಬಾಗಲಿಲ್ಲ. ಕಾಡೊಳಗಿನ ಅರಕೆರೆಯಲ್ಲಿ ಕೂತ. ಅವನಿಗೆ ವೊಬಾನ್ ಬೇಕಾಗಲಿಲ್ಲ: ಬಿದಿರು ಮೆಳೆ, ಮುಳ್ಳು, ಜೌಗು, ಮಳೆ, ಇಂಬಳ. 1802ರ ಜನವರಿಯಲ್ಲಿ, ಮಳೆ ನಿಂತು ನೆಲ ಒಣಗಿದ ಹೊತ್ತು ನೋಡಿ ದಂಡು ತಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಅರಕೆರೆ ಬಿತ್ತು. ನಾಯಕ ಕೈಗೆ ಸಿಕ್ಕಿದ್ದು ಫೆಬ್ರವರಿಯಲ್ಲಿ, ಗಲ್ಲಿಗೇರಿಸಿದರು. ಆಮೇಲೆ ಕಾಡು ಸೀಳಿ ದಾರಿ ಮಾಡಿಸಿದರು. ಕಲ್ಲಿನ ಕೋಟೆಯಾದರೆ ಗೋಡೆ ಕೆಡವುತ್ತಾರೆ, ಕಾಡಿನ ಕೋಟೆಗೆ ರಸ್ತೆ ಹಾಕುತ್ತಾರೆ.

‘ಆ ಕೋಟೆ ತೋರ್ಸಿ ತಾತ.’

ತೋರಿಸಲು ಕಲ್ಲು ಒಂದೂ ಇಲ್ಲ ಮಗೂ ಅಂದು, ಹೆತ್ತೂರು ಮೇಲೆ ಬಿಸಿಲೆ ಕಡೆ ಜೀಪು ತಿರುಗಿಸಿದೆವು. ಎರಡೂ ಕಡೆ ಕಾಫಿ ತೋಟ, ನೆರಳಿಗೆ ಹಾಲುವಾಣ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು. ಈ ಹಸಿರನ್ನೇ ಕಾಡು ಅಂದುಕೊಂಡು ಫೋಟೋ ಹೊಡೆಯುವವರು ಬಹಳ. ಮಂಕನಹಳ್ಳಿಯಲ್ಲಿ ರಸ್ತೆ ಬದಿಗೆ ಒಂದು ಗುರುತಿದೆ, ನಿಲ್ಲಿಸದೆ ಹೋಗುವವರೇ ಹೆಚ್ಚು. ಅಲ್ಲಿ ಬಿದ್ದ ಮಳೆಹನಿ ಒಂದು ಕಡೆ ಉರುಳಿದರೆ ಹೇಮಾವತಿ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆ ಉರುಳಿದರೆ ಕುಮಾರಧಾರಾ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ. ಮೊಮ್ಮಗ ಬಾಟಲಿ ತೆಗೆದು ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ನೀರು ಸುರಿದ. ಎರಡೂ ಇಂಗಿಹೋದವು.

ಅಲ್ಲಿಂದ ಮುಂದೆ ತೋಟ ಹಿಂದೆ ಬಿದ್ದು ನಿಜವಾದ ಕಾಡು ಶುರು. ಸಮುದ್ರದಿಂದ ಬಂದ ಗಾಳಿ ಈ ಗೋಡೆಗೆ ಡಿಕ್ಕಿ ಹೊಡೆದು ಮೇಲೇರಿ ತಣ್ಣಗಾಗಿ ಇದ್ದ ನೀರೆಲ್ಲ ಇಲ್ಲೇ ಇಳಿಸುತ್ತದೆ. ಆಲೂರು ತಲುಪುವಷ್ಟರಲ್ಲಿ ಮೋಡ ಹಗುರ. ಅದಕ್ಕೇ ಇಲ್ಲಿ ವರ್ಷವಿಡೀ ಎಲೆ ಉದುರದ ಧೂಪ, ರಾಮಪತ್ರೆ, ನಾಗಸಂಪಿಗೆ. ವ್ಯೂ ಪಾಯಿಂಟಿನಲ್ಲಿ ಎದುರಿಗೆ 1712 ಮೀಟರ್ ಎತ್ತರದ ಕುಮಾರಪರ್ವತ ಒಂದು ನಿಮಿಷ ಕಂಡು ಮತ್ತೆ ಮುಚ್ಚಿಕೊಂಡಿತು. ಆಚೆ ಕಾಣುವ ಪುಷ್ಪಗಿರಿ ಅಭಯಾರಣ್ಯ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಮಾತ್ರ ಕೇಳಿಸಿತು. ಬಸ್ಸಿಗೆ ಏದುಸಿರು ಬಂದ ಹಾಗಿರುತ್ತದೆ ಅದು.

ರೈಲಿನ ಬಗ್ಗೆಯೂ ಕೇಳಿದ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದದ್ದು, ಬ್ರಾಡ್ ಗೇಜ್ ಆಗಿ ಜನ ಮತ್ತೆ ಹತ್ತಿದ್ದು 2007ರಲ್ಲಿ. ಹಳಿಯ ಮೇಲೆ ಚಾರಣ ಮಾಡುವುದು ನಿಷೇಧ. ಹಗಲು ರೈಲಿನ ಕಿಟಕಿ ಪಕ್ಕ ಕೂತರೆ ಸಾಕು.

ವಾಪಸು ಬರುವಾಗ ಯಸಳೂರು ಅರಣ್ಯ ವಲಯ ಅಂದದ್ದೇ ಅರ್ಜುನನ ಮಾತು ಬಂತು. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಈ ಕಾಡಿನಲ್ಲೇ, ಕಾಡಾನೆ ಹಿಡಿಯುವ ಕೆಲಸದಲ್ಲಿ, ಒಂಟಿ ಸಲಗದೊಡನೆ ಕಾದಾಡಿ ಸತ್ತಿತು. ಆ ಸುದ್ದಿ ಬಂದ ರಾತ್ರಿ ನಮ್ಮ ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅದೇ ಲೈನಿನ ಒಬ್ಬಾಕೆಯ ಗಂಡ ಕಾಡಾನೆ ತುಳಿತಕ್ಕೆ ಸತ್ತಿದ್ದ. ಆಕೆಯೂ ಅತ್ತಳು.

ನಮ್ಮ ಮನೆ ಆಲೂರು ತಾಲ್ಲೂಕಿನ ಪಾಳ್ಯದ ಕಡೆ. ಈ ಭಾಗದಿಂದ ಹತ್ತು ವರ್ಷದ ಹಿಂದೆ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಜಾಗ ಖಾಲಿಯಾಯಿತು ಅಂದುಕೊಂಡೆವು, ಬೇರೆಯವು ಬಂದವು. ಈಗ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ, ಕೆಲವು ಕಡೆ ರಸ್ತೆ ಬದಿ ಕೆಂಪು ದೀಪ ಮಿನುಗುತ್ತದೆ. ಕಾಫಿ ಕೊಯ್ಯಲು ಆಳುಗಳನ್ನು ಯಾವ ತೋಟಕ್ಕೆ ಬಿಡುವುದು ಅನ್ನುವುದನ್ನು ಬೆಳಿಗ್ಗೆ ಮೊದಲು ಆ ಸಂದೇಶವೇ ತೀರ್ಮಾನಿಸುತ್ತದೆ. ನನ್ನ ಕಾಲದಲ್ಲಿ ರೈಟರ್ ತೀರ್ಮಾನಿಸುತ್ತಿದ್ದ.

ರಾತ್ರಿ ಅಕ್ಕಿರೊಟ್ಟಿ, ಕಳಲೆ ಪಲ್ಯ ಮುಗಿಸಿ ಮಲಗಿದ್ದೆವು. ಮಳೆಗೆ ಕರೆಂಟು ಹೋಗಿತ್ತು. ತೋಟದ ಕೆಳಗಿನ ಹಳ್ಳದ ಕಡೆಯಿಂದ ಪಟ್, ಪಟಪಟ ಅಂತ ಸದ್ದು.

‘ತಾತ, ಪಟಾಕಿನಾ?’

‘ಬಿದಿರು.’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆತ್ತಗೆ ಎದ್ದು ಹೋಗಿ ಕಿಟಕಿ ಹಾಕಿಕೊಂಡು ಬಂದ.